ಸಾವಿರ ಅಡಿ ಆಳದ ಎರಡು ವಾಚುಗಳು

"ಮಾವ, ಎರಡೂ ಕಪ್ಪು. ಎರಡೂ ಸ್ವಿಸ್. ಎರಡಕ್ಕೂ 300 ಮೀಟರ್ ಅಂತಾರೆ. ಹಾಗಾದ್ರೆ ಒಂದಕ್ಕೆ ಯಾಕೆ ಅಷ್ಟು ಜಾಸ್ತಿ ದುಡ್ಡು?"

ಅಕ್ಕನ ಮಗ ಹೀಗೆ ಕೇಳಿದಾಗ ನನ್ನ ವಾಚು ರಿಪೇರಿ ಮೇಜಿನ ಹಸಿರು ಬಟ್ಟೆಯ ಮೇಲೆ ಎರಡು ವಾಚುಗಳಿದ್ದವು. ಒಂದು ರೋಲೆಕ್ಸ್ ಸಬ್‌ಮರೀನರ್, ತಾರೀಖು ತೋರಿಸುವ ಮಾದರಿ. ಇನ್ನೊಂದು ಒಮೆಗಾ ಸೀಮಾಸ್ಟರ್ ಡೈವರ್ 300 ಎಂ. ಎರಡೂ ಅವನವಲ್ಲ. ಗಲ್ಫ್‌ನಲ್ಲಿ ಅವನ ಜೊತೆ ಕೆಲಸ ಮಾಡುವ ಇಬ್ಬರು ರಜೆಗೆ ಬಂದಿದ್ದರು. ಅವರ ಕೈಯಿಂದ ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ತಂದಿದ್ದ. ಐದಾರು ವರ್ಷದಿಂದ ದುಡ್ಡು ಕೂಡಿಡುತ್ತಿದ್ದಾನೆ. ಜೀವನದಲ್ಲಿ ಒಂದೇ ಒಂದು ಒಳ್ಳೆ ವಾಚು ತಗೋಬೇಕು ಅಂತ ಆಸೆ.

ತುಮಕೂರಿನಲ್ಲಿ ವಾಚಿನ ಮಾತು ಎಚ್‌ಎಂಟಿಯಿಂದಲೇ ಶುರುವಾಗಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿಯ ಮೊದಲ ವಾಚು ಕಾರ್ಖಾನೆ ಬಂತು. 1978ರಲ್ಲಿ ನಮ್ಮೂರಿಗೆ ಬಂತು. 2016ರಲ್ಲಿ ಕಂಪನಿ ಮುಚ್ಚುವ ತೀರ್ಮಾನವಾಯಿತು. ಕಾರ್ಖಾನೆಯ ಜಾಗ ಆಮೇಲೆ ಇಸ್ರೋಗೆ ಹೋಯಿತು. ನಮ್ಮಪ್ಪ ಆ ಕಾರ್ಖಾನೆಯಲ್ಲಿ ದುಡಿದವರು. ನನಗೆ ವಾಚು ಬಿಚ್ಚೋದು ಕಲಿಸಿದ್ದು ಅವರೇ, ಎಚ್‌ಎಂಟಿಯದೇ ಒಂದು ಹಳೇ ಜನತಾ ವಾಚಿನ ಮೇಲೆ. "ವಾಚು ಕೈಗೆ ಬಂದರೆ ಮೊದಲು ಕಿವಿಗಿಡು, ಆಮೇಲೆ ಕಣ್ಣಿಗಿಡು" ಅನ್ನುತ್ತಿದ್ದರು. ಅವತ್ತೂ ಹಾಗೇ ಮಾಡಿದೆ. ಆದರೆ ಹುಡುಗನ ತಲೆಯಲ್ಲಿ ಕೂತಿದ್ದು 300 ಮೀಟರ್. ಅದಕ್ಕೇ ಅದನ್ನೇ ಮೊದಲು ಬಿಡಿಸಿ ಹೇಳಬೇಕಾಯಿತು.

ಈ 300 ಮೀಟರ್ ಅನ್ನೋದು ವಾಚು ತಡೆದುಕೊಳ್ಳುವ ನೀರಿನ ಆಳ, ಅಂದರೆ 984 ಅಡಿ. ಸಾವಿರ ಅಡಿ ಅಂದರೇನು ಅಂತ ನಮ್ಮ ಜಿಲ್ಲೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೋರ್ ಕೊರೆಸುವಾಗ ಒಂದೊಂದು ಪೈಪು ಇಳಿದ ಹಾಗೂ ಲೆಕ್ಕ ಹಾಕಿಕೊಂಡು ಕೂತವರು ನಾವು. ನೀರಿನ ಒತ್ತಡದ ಲೆಕ್ಕವೂ ನಮಗೆ ಹೊಸದಲ್ಲ. ಪೈಪಿನ ಅಂಗಡಿಗೆ ಹೋದರೆ "4 ಕೆ.ಜಿ. ಪೈಪು ಕೊಡ್ಲಾ, 6 ಕೆ.ಜಿ. ಪೈಪು ಕೊಡ್ಲಾ?" ಅಂತ ಕೇಳುತ್ತಾರೆ, ಅಲ್ವಾ? ಅದು ಪೈಪಿನ ತೂಕ ಅಲ್ಲ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಅಷ್ಟು ಕೆ.ಜಿ. ಒತ್ತಡ ಬಿದ್ದರೂ ಪೈಪು ತಡೆದುಕೊಳ್ಳುತ್ತದೆ ಅಂತ ಅರ್ಥ. ನೀರು 10 ಮೀಟರ್ ಆಳವಾದರೆ ಒತ್ತಡ ಸುಮಾರು 1 ಕೆ.ಜಿ. ಏರುತ್ತದೆ. ಹಾಗಾಗಿ 300 ಮೀಟರಿನ ವಾಚು ಅಂದರೆ, ಪೈಪಿನ ಭಾಷೆಯಲ್ಲಿ, 30 ಕೆ.ಜಿ. ವಾಚು.

ವಾಚಿನ ಗಾಜು ಅಡ್ಡಡ್ಡ 3 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅದರ ಹರವು ಸುಮಾರು 7 ಚದರ ಸೆಂಟಿಮೀಟರ್. 30ರಿಂದ ಗುಣಿಸಿದರೆ 210 ಕೆ.ಜಿ. ಕ್ವಿಂಟಾಲ್ ತೂಕದ ಎರಡು ರಾಗಿ ಮೂಟೆಗಳನ್ನು ಆ ಪುಟ್ಟ ಗಾಜಿನ ಮೇಲೆ ಹೇರಿದ ಹಾಗೆ. ಅದನ್ನು ತಡೆದುಕೊಂಡು ಒಳಗೆ ಮುಳ್ಳುಗಳು ಆರಾಮಾಗಿ ತಿರುಗುತ್ತಿರಬೇಕು. ಅದೂ ಅಲ್ಲದೆ ಡೈವಿಂಗ್ ವಾಚುಗಳಿಗೆ ಅಂತಲೇ ಐಎಸ್‌ಒ 6425 ಎನ್ನುವ ಅಂತರರಾಷ್ಟ್ರೀಯ ನಿಯಮ ಇದೆ. ಅದರ ಪ್ರಕಾರ ಬರೆದ ಆಳಕ್ಕಿಂತ ಶೇಕಡಾ 25 ಜಾಸ್ತಿ ಒತ್ತಡದಲ್ಲಿ ವಾಚನ್ನು ಪರೀಕ್ಷೆ ಮಾಡಬೇಕು. ಅಂದರೆ 375 ಮೀಟರ್, 1230 ಅಡಿಯ ಬೋರಿನ ತಳ.

ಈಗ ಇನ್ನೊಂದು ತುದಿಯಿಂದ ನೋಡಿ. ನಮ್ಮ ತೋಟದ ಹಳೇ ತೆರೆದ ಬಾವಿ 50 ಅಡಿ ಇರಬಹುದು. ತಳ ಮುಟ್ಟಿ ಬಂದರೂ ಒತ್ತಡ ಒಂದೂವರೆ ಕೆ.ಜಿ. ಸಮುದ್ರದಲ್ಲಿ ಹವ್ಯಾಸಕ್ಕೆ ಸಿಲಿಂಡರ್ ಕಟ್ಟಿಕೊಂಡು ಇಳಿಯುವವರಿಗೆ 40 ಮೀಟರ್ ಅನ್ನೋದು ಮಿತಿ. ಅಲ್ಲಿ 4 ಕೆ.ಜಿ. ಅಂದರೆ ಈ ವಾಚು ಕಟ್ಟಿಕೊಂಡ ಯಾರೂ ಅದರ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

"ಬಾವಿ ಕಟ್ಟೆ ಮೇಲಿಂದ ಧುಮುಕಿದ್ರೆ ಒತ್ತಡ ಹತ್ತುಪಟ್ಟು ಆಗುತ್ತಂತೆ, ಹೌದಾ ಮಾವ?" ಅಂದ. ಇದನ್ನು ಬಹಳ ಜನ ನಂಬಿದ್ದಾರೆ. 15 ಅಡಿ ಎತ್ತರದಿಂದ ಧುಮುಕಿದರೆ ನೀರು ಮುಟ್ಟುವ ಹೊತ್ತಿಗೆ ವೇಗ ಸೆಕೆಂಡಿಗೆ 10 ಮೀಟರಿಗಿಂತ ತುಸು ಕಡಿಮೆ. ಆ ಹೊಡೆತಕ್ಕೆ ಏರುವ ಒತ್ತಡ ಅರ್ಧ ಕೆ.ಜಿ. ಆಸುಪಾಸು, ಅಷ್ಟೇ. ಹಾಗಾದರೆ ವಾಚಿನೊಳಗೆ ನೀರು ಹೋಗೋದು ಯಾಕೆ? ವಾಷರ್ ಹಳೆಯದಾಗಿರುತ್ತದೆ. ಇಲ್ಲವೇ ಪಕ್ಕದಲ್ಲಿ ಸಮಯ ತಿದ್ದುವ ಕೀಯನ್ನು ಪೂರ್ತಿ ತಿರುಗಿಸಿ ಕೂರಿಸಿರುವುದಿಲ್ಲ. ನನ್ನ ಹತ್ತಿರ ಬರುವ ಮಂಜು ಕಟ್ಟಿದ ಗಾಜುಗಳಲ್ಲಿ ಹೆಚ್ಚಿನವು ಇವೆರಡರಲ್ಲಿ ಒಂದು. ಒಮ್ಮೆ ನನ್ನದೇ ವಾಚಿಗೆ ಬೇರೆ ಊರಲ್ಲಿ ಸೆಲ್ ಹಾಕಿಸಿದ್ದೆ. ಹಿಂದಿನ ಮುಚ್ಚಳ ಒತ್ತುವಾಗ ವಾಷರ್ ಒಂದು ಕಡೆ ಮಡಚಿಕೊಂಡಿತ್ತು. ಎರಡು ದಿನಕ್ಕೆ ಡಯಲ್ ಮೇಲೆ ತುಕ್ಕಿನ ಚುಕ್ಕೆ. 100 ಮೀಟರ್ ಅಂತ ಬರೆದ ವಾಚು, ಒಂದು ಬಕೆಟ್ ನೀರಿಗೆ ಸೋತಿತ್ತು.

ಹಾಗಾಗಿ ಹುಡುಗನಿಗೆ ಮೊದಲ ಮಾತು ಇದು: ನೀರಿನ ಲೆಕ್ಕದಲ್ಲಿ ಈ ಎರಡೂ ವಾಚು ಸಮ. ದುಡ್ಡಿನ ವ್ಯತ್ಯಾಸ ನೀರಿನದ್ದಲ್ಲ.

ಡೈವಿಂಗ್ ವಾಚಿನಲ್ಲಿ ಆಳಕ್ಕಿಂತ ಜಾಣತನದ್ದು ಅಂದರೆ ಗಾಜಿನ ಸುತ್ತ ತಿರುಗುವ ಬಳೆ. ಬೆಜೆಲ್ ಅನ್ನುತ್ತಾರೆ. ಅದರ ಮೇಲೆ 60 ನಿಮಿಷದ ಗುರುತು ಇರುತ್ತದೆ. ನೀರಿಗಿಳಿಯುವ ಮುಂಚೆ ಅದರ ಮೇಲೆ ಸೊನ್ನೆಯ ಜಾಗದಲ್ಲಿರುವ ಹೊಳೆಯುವ ಚುಕ್ಕೆಯನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಟ್ಟರೆ ಮುಗಿಯಿತು. ಆಮೇಲೆ ಮುಳ್ಳು ಯಾವ ಅಂಕೆ ತೋರಿಸುತ್ತದೋ ಅಷ್ಟು ನಿಮಿಷ ಕಳೆದಿದೆ ಅಂತ. ಕೂಡಿ ಕಳೆಯುವ ಕೆಲಸವೇ ಇಲ್ಲ. ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ, ಎಡಕ್ಕೆ ಮಾತ್ರ. ಯಾಕೆ ಗೊತ್ತಾ? ನೀರಿನೊಳಗೆ ಬಂಡೆಗೋ ಹಗ್ಗಕ್ಕೋ ತಗುಲಿ ಬಳೆ ಜರುಗಿತು ಅಂದುಕೊಳ್ಳಿ. ಎಡಕ್ಕೆ ಜರುಗಿದರೆ ಕಳೆದ ಹೊತ್ತು ನಿಜಕ್ಕಿಂತ ಜಾಸ್ತಿ ಕಾಣುತ್ತದೆ. ಡೈವರ್ ಬೇಗ ಮೇಲೆ ಬರುತ್ತಾನೆ, ಬದುಕುತ್ತಾನೆ. ಬಲಕ್ಕೂ ತಿರುಗುವಂತಿದ್ದರೆ ಇನ್ನೂ ಹೊತ್ತಿದೆ ಅಂದುಕೊಂಡು ಗಾಳಿ ಮುಗಿಯುವವರೆಗೆ ಕೆಳಗೇ ಇರಬಹುದು. ಒಂದು ಹಲ್ಲು, ಒಂದು ಸ್ಪ್ರಿಂಗ್, ಅಷ್ಟರಲ್ಲಿ ಒಂದು ಜೀವ ಕಾಯುವ ಈ ಉಪಾಯ ನನಗೆ ಯಾವಾಗಲೂ ಇಷ್ಟ. ಈಗಿನ ಡೈವರ್‌ಗಳು ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ನಂಬುತ್ತಾರೆ ನಿಜ. ಆದರೆ ಬಳೆಯ ಉಪಯೋಗ ನೀರಿನ ಹೊರಗೂ ಇದೆ. ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಿ, 40 ನಿಮಿಷಕ್ಕೆ ಗೇಟ್‌ವಾಲ್ವ್ ತಿರುಗಿಸಬೇಕು ಅಂದರೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.

ಎರಡರ ಬಳೆಗಳನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆವು. ರೋಲೆಕ್ಸಿನದು ಒಂದು ಸುತ್ತಿಗೆ 120 ಕ್ಲಿಕ್, ಅಂದರೆ ಅರ್ಧ ನಿಮಿಷಕ್ಕೊಂದು. ಪ್ರತಿ ಕ್ಲಿಕ್ಕೂ ಒಳ್ಳೆ ಬೀಗಕ್ಕೆ ಬೀಗದಕೈ ತಿರುಗಿಸಿದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಅಂಚಿನಲ್ಲಿ ನಾಣ್ಯಕ್ಕಿರುವಂಥ ಗೀರು, ಬೆರಳು ಹಿಡಿಯುತ್ತದೆ. ಒಮೆಗಾದ ಅಂಚು ಅಲೆಅಲೆಯಾಗಿದೆ. ನೋಡಲು ಬಹಳ ಚೆನ್ನ. ಆದರೆ ಲೋಟದಲ್ಲಿ ಬೆರಳು ಅದ್ದಿ ತಿರುಗಿಸಿ ನೋಡು ಅಂದೆ. ಜಾರಿತು. ಬಳೆಯ ವಿಷಯದಲ್ಲಿ ನನ್ನ ಓಟು ರೋಲೆಕ್ಸಿಗೆ, ಅದರಲ್ಲಿ ಎರಡು ಮಾತಿಲ್ಲ. ಎರಡರ ಬಳೆಗೂ ಸೆರಾಮಿಕ್ ಮೇಲುಹಾಸು ಇದೆ, ಗೀರು ಬೀಳುವುದು ಕಷ್ಟ. ರೋಲೆಕ್ಸಿನಲ್ಲಿ ಅಂಕೆಗಳಿಗೆ ಪ್ಲಾಟಿನಂ ಲೇಪ, ಒಮೆಗಾದಲ್ಲಿ ಬಿಳಿ ಎನಾಮೆಲ್.

ಅಂಗಡಿಯ ಲೈಟ್ ಆರಿಸಿದೆ. ರೋಲೆಕ್ಸಿನ ಮುಳ್ಳು, ಚುಕ್ಕೆ ಎಲ್ಲವೂ ನೀಲಿಯಾಗಿ ಹೊಳೆದವು. ಒಮೆಗಾದಲ್ಲಿ ನಿಮಿಷದ ಮುಳ್ಳು ಮತ್ತು ಬಳೆಯ ಚುಕ್ಕೆ ಮಾತ್ರ ಹಸಿರು, ಮಿಕ್ಕಿದ್ದೆಲ್ಲ ನೀಲಿ. ಕತ್ತಲಲ್ಲಿ ಡೈವರ್‌ಗೆ ಬೇಕಾದ್ದು ಆ ಎರಡೇ, ಅದಕ್ಕೇ ಅವಕ್ಕೆ ಬೇರೆ ಬಣ್ಣ. ಇಲ್ಲಿ ಒಮೆಗಾದವರು ಯೋಚನೆ ಮಾಡಿದ್ದಾರೆ.

ಆಮೇಲೆ ಕಿವಿ. ಜನತಾ ವಾಚು ಗಂಟೆಗೆ 18,000 ಸಲ ಬಡಿಯುತ್ತದೆ, ಸೆಕೆಂಡಿಗೆ 5. ನನ್ನ ಕಿವಿಗೆ ಅದು ಅಮ್ಮನ ದನಿಯಷ್ಟೇ ಪರಿಚಯ. ಒಮೆಗಾದ 8800 ಎನ್ನುವ ಮಷಿನ್ ಗಂಟೆಗೆ 25,200, ಸೆಕೆಂಡಿಗೆ 7. ರೋಲೆಕ್ಸಿನ 3235 ಗಂಟೆಗೆ 28,800, ಸೆಕೆಂಡಿಗೆ 8. ಬಡಿತ ಜಾಸ್ತಿ ಇದ್ದಷ್ಟೂ ಸೆಕೆಂಡ್ ಮುಳ್ಳು ನುಣ್ಣಗೆ ಓಡುತ್ತದೆ, ಕೈ ಅಲುಗಿದರೂ ಸಮಯ ಅಷ್ಟಾಗಿ ಕೆಡುವುದಿಲ್ಲ. ಆದರೆ 7ಕ್ಕೂ 8ಕ್ಕೂ ಇರುವ ಅಂತರ ಕಟ್ಟಿಕೊಂಡವರಿಗೆ ಗೊತ್ತಾಗುವಂಥದ್ದಲ್ಲ.

ಗೊತ್ತಾಗುವುದು ಬೇರೆ. ಎರಡೂ ಆಟೋಮ್ಯಾಟಿಕ್. ಕೈ ಆಡಿದಂತೆ ತಾವೇ ಕೀ ತುಂಬಿಕೊಳ್ಳುತ್ತವೆ. ಬಿಚ್ಚಿಟ್ಟರೆ ರೋಲೆಕ್ಸ್ 70 ಗಂಟೆ ಓಡುತ್ತದೆ, ಒಮೆಗಾ 55 ಗಂಟೆ. ಶುಕ್ರವಾರ ರಾತ್ರಿ 8ಕ್ಕೆ ಬಿಚ್ಚಿಟ್ಟು ಸೋಮವಾರ ಬೆಳಿಗ್ಗೆ 8ಕ್ಕೆ ಕೈಗೆತ್ತಿಕೊಂಡರೆ 60 ಗಂಟೆ ಆಯಿತು. ರೋಲೆಕ್ಸ್ ಓಡುತ್ತಿರುತ್ತದೆ. ಒಮೆಗಾ ಬೆಳಗಿನ ಜಾವ 3 ಗಂಟೆಯ ಹೊತ್ತಿಗೆ ನಿಂತಿರುತ್ತದೆ. ದಿನಾ ಕಟ್ಟುವವನಿಗೆ ಇದು ದೊಡ್ಡ ವಿಷಯ ಅಲ್ಲ. ಎರಡು ಮೂರು ವಾಚು ಇಟ್ಟುಕೊಂಡು ಬದಲಾಯಿಸುವವನಿಗೆ ದೊಡ್ಡ ವಿಷಯವೇ.

ಸಮಯದ ನಿಖರತೆಗೆ ಬಂದರೆ, ಸ್ವಿಟ್ಜರ್ಲೆಂಡಿನಲ್ಲಿ ಕೋಸ್ಕ್ ಎನ್ನುವ ಸಂಸ್ಥೆ 15 ದಿನ, ಐದು ಭಂಗಿಯಲ್ಲಿ, ಮೂರು ಉಷ್ಣಾಂಶದಲ್ಲಿ ಮಷಿನ್ ಪರೀಕ್ಷೆ ಮಾಡಿ ಕ್ರೋನೋಮೀಟರ್ ಸರ್ಟಿಫಿಕೇಟ್ ಕೊಡುತ್ತದೆ. ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಅನ್ನುವುದು ಅದರ ಗೆರೆ. ಎರಡೂ ಕಂಪನಿಗಳು ಅದನ್ನು ದಾಟಿದ ಮೇಲೆ ತಮ್ಮ ದಾರಿ ಹಿಡಿಯುತ್ತವೆ. ರೋಲೆಕ್ಸ್ ಮಷಿನನ್ನು ಕೇಸಿನೊಳಗೆ ಕೂರಿಸಿ ಮತ್ತೆ ತಾನೇ ಪರೀಕ್ಷೆ ಮಾಡಿ, ದಿನಕ್ಕೆ ಹಿಂದೆ ಮುಂದೆ 2 ಸೆಕೆಂಡ್ ಅಂತ ಮಾತು ಕೊಡುತ್ತದೆ. ಒಮೆಗಾ ತನ್ನ ವಾಚನ್ನು ಹೊರಗಿನವರ ಉಸ್ತುವಾರಿಯಲ್ಲಿ ಪರೀಕ್ಷೆ ಮಾಡಿಸುತ್ತದೆ. ಮೆಟಾಸ್ ಅಂತ ಸ್ವಿಸ್ ಸರ್ಕಾರದ ಅಳತೆ ಮಾಪನದ ಸಂಸ್ಥೆ. ಅಲ್ಲಿನ ನಿಯಮದಂತೆ 10 ದಿನದಲ್ಲಿ ಎಂಟು ಪರೀಕ್ಷೆ. ಫಲಿತಾಂಶ ದಿನಕ್ಕೆ 0ಯಿಂದ 5 ಸೆಕೆಂಡ್ ಮುಂದೆ. ಗಮನಿಸಿ, ಹಿಂದೆ ಬೀಳುವಂತಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರಿಗೆ ಇದರ ಬೆಲೆ ಗೊತ್ತು. ವಾಚು ಮುಂದಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತೀರಿ, ಹಿಂದಿದ್ದರೆ ರೈಲು ತಪ್ಪುತ್ತದೆ. ಕಾಗದದ ಮೇಲೆ ರೋಲೆಕ್ಸಿನ ಗೆರೆ ಕಿರಿದು. ತಿಂಗಳಿಗೆ ಹೆಚ್ಚೆಂದರೆ ಒಂದು ನಿಮಿಷ. ಒಮೆಗಾಗೆ ಎರಡೂವರೆ ನಿಮಿಷ ಆಗಬಹುದು. ನನ್ನ ಟೈಮಿಂಗ್ ಮಷಿನ್ ಮೇಲೆ ಅವತ್ತು ರೋಲೆಕ್ಸ್ 1 ಸೆಕೆಂಡ್ ಮುಂದೆ, ಒಮೆಗಾ 3 ಸೆಕೆಂಡ್ ಮುಂದೆ ತೋರಿಸಿತು. ಇಬ್ಬರೂ ಮಾತಿಗೆ ತಪ್ಪಿರಲಿಲ್ಲ.

ಒಳಗಿನ ಇನ್ನೊಂದು ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ. ಸ್ಪ್ರಿಂಗಿನ ಬಲವನ್ನು ಚೂರು ಚೂರಾಗಿ ಬಿಡುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಅನ್ನುತ್ತಾರೆ. ಟಿಕ್ ಟಿಕ್ ಸದ್ದು ಬರುವುದೇ ಅಲ್ಲಿಂದ. ಸಾಮಾನ್ಯ ವಾಚಿನಲ್ಲಿ ಚಕ್ರದ ಹಲ್ಲು ಕೆಂಪು ಕಲ್ಲಿನ ಮೇಲೆ ಉಜ್ಜಿಕೊಂಡು ಜಾರುತ್ತದೆ. ಅದಕ್ಕೆ ಎಣ್ಣೆ ಬೇಕು. ಎಣ್ಣೆ ಒಣಗಿದರೆ ವಾಚು ಕೆಡುತ್ತದೆ. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಎಂಬ ವಾಚು ತಯಾರಕ, ಉಜ್ಜುವ ಬದಲು ತಳ್ಳುವ ಹಾಗೆ ಇದನ್ನು ಬದಲಾಯಿಸಿದರು. ಕೋ-ಆಕ್ಸಿಯಲ್ ಅಂತ ಹೆಸರು. 1999ರಲ್ಲಿ ಒಮೆಗಾ ಅದನ್ನು ಮಾರುಕಟ್ಟೆಗೆ ತಂತು. ರೋಲೆಕ್ಸ್ ಹಳೇ ವಿಧಾನವನ್ನೇ ಇಟ್ಟುಕೊಂಡು, ಹಲ್ಲಿನ ಆಕಾರ ತಿದ್ದಿ, ಕ್ರೋನರ್ಜಿ ಎಂದು ಹೆಸರಿಟ್ಟಿತು. ಅದರ ಫಲವಾಗಿ ಕಡಿಮೆ ಬಲದಲ್ಲಿ ಜಾಸ್ತಿ ಹೊತ್ತು ಓಡುತ್ತದೆ. ಆ 70 ಗಂಟೆ ಬಂದಿದ್ದರಲ್ಲಿ ಇದರ ಪಾಲೂ ಇದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಆಯಸ್ಕಾಂತ.

ಮೆಕ್ಯಾನಿಕಲ್ ವಾಚಿಗೆ ಈ ಕಾಲದಲ್ಲಿ ನೀರಿಗಿಂತ ದೊಡ್ಡ ಶತ್ರು ಇದೇ. ಮೊದಲೆಲ್ಲ ವರ್ಷಕ್ಕೆ ಒಂದೋ ಎರಡೋ ಇಂಥ ವಾಚು ಬರುತ್ತಿದ್ದವು. ಸ್ಪೀಕರ್ ರಿಪೇರಿಯವರದ್ದು, ಮೋಟಾರ್ ವೈಂಡಿಂಗ್ ಮಾಡುವವರದ್ದು. ಈಗ ತಿಂಗಳಿಗೆ ನಾಲ್ಕೈದು. ಮೊಬೈಲ್ ಕವರಿನ ಮುಚ್ಚಳದಲ್ಲಿ ಆಯಸ್ಕಾಂತ, ಇಯರ್‌ಫೋನ್ ಡಬ್ಬಿಯಲ್ಲಿ ಆಯಸ್ಕಾಂತ, ಹ್ಯಾಂಡ್‌ಬ್ಯಾಗಿನ ಗುಂಡಿಯಲ್ಲಿ ಆಯಸ್ಕಾಂತ. ಹೋದ ವರ್ಷ ಒಬ್ಬ ಮೇಷ್ಟ್ರು ತಮ್ಮ ತಂದೆಯ ಎಚ್‌ಎಂಟಿ ತಂದರು. "ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡ್ತಾ ಇದೆ, ಸ್ಪ್ರಿಂಗ್ ಬದಲಾಯಿಸಿ" ಅಂದರು. ನಾನು ಬಿಚ್ಚಲಿಲ್ಲ. ಡ್ರಾಯರಿನಿಂದ ಚಿಕ್ಕ ದಿಕ್ಸೂಚಿ ತೆಗೆದು ವಾಚಿನ ಪಕ್ಕ ಹಿಡಿದೆ. ಮುಳ್ಳು ಉತ್ತರ ಬಿಟ್ಟು ವಾಚಿನ ಕಡೆ ತಿರುಗಿತು. ರಾತ್ರಿ ಹೊತ್ತು ಅವರು ವಾಚನ್ನು ಇಡುತ್ತಿದ್ದದ್ದು ಮೊಬೈಲ್ ಮೇಲೆ.

ಯಾಕೆ ಹೀಗಾಗುತ್ತದೆ? ವಾಚಿನ ಎದೆಬಡಿತ ಇರುವುದು ಹೇರ್‌ಸ್ಪ್ರಿಂಗಿನಲ್ಲಿ. ಕೂದಲೆಳೆಗಿಂತ ತೆಳು. ಕೋಡುಬಳೆಯ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಇಟ್ಟ ಹಾಗೆ ಸುತ್ತು ಸುತ್ತು. ಸುತ್ತುಗಳು ಒಂದಕ್ಕೊಂದು ತಾಗದೆ ಉಸಿರಾಡಿದಂತೆ ಅರಳುತ್ತಾ ಮುದುಡುತ್ತಾ ಇರಬೇಕು. ಆಯಸ್ಕಾಂತ ಹಿಡಿದರೆ ಸುತ್ತುಗಳು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡ ಆದ ಹಾಗಾಗಿ ಬಡಿತ ಜೋರಾಗುತ್ತದೆ. ಮೇಷ್ಟ್ರ ವಾಚನ್ನು ಆಯಸ್ಕಾಂತ ಬಿಡಿಸುವ ಡಿಮ್ಯಾಗ್ನೆಟೈಸರ್ ಡಬ್ಬಿಯ ಮೇಲಿಟ್ಟು, ಗುಂಡಿ ಒತ್ತಿ ಹಿಡಿದು, ನಿಧಾನವಾಗಿ ಮೇಲೆತ್ತಿದೆ. ಅರ್ಧ ನಿಮಿಷದ ಕೆಲಸ. ದಿಕ್ಸೂಚಿಯ ಮುಳ್ಳು ಮತ್ತೆ ಉತ್ತರಕ್ಕೆ ನಿಂತಿತು.

ಆಯಸ್ಕಾಂತದ ಬಲವನ್ನು ಗಾಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಭೂಮಿಯದ್ದು ಅರ್ಧ ಗಾಸ್ ಆಸುಪಾಸು. ಸಾಮಾನ್ಯ ನಿಯಮದ ಪ್ರಕಾರ 60 ಗಾಸ್ ತಡೆದುಕೊಂಡರೆ ಅದನ್ನು ಆಯಸ್ಕಾಂತ ತಡೆಯುವ ವಾಚು ಅನ್ನಬಹುದು. ಒಮೆಗಾದ ಈ ವಾಚು ತಡೆಯುವುದು 15,000 ಗಾಸ್! ಆಸ್ಪತ್ರೆಯ ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಅಷ್ಟೇ ಬಲದ ಆಯಸ್ಕಾಂತ. ಹಾಗಂತ ಎಂಆರ್‌ಐ ಕೋಣೆಗೆ ಯಾವ ವಾಚನ್ನೂ ಕಟ್ಟಿಕೊಂಡು ಹೋಗಬೇಡಿ. ಒಮೆಗಾ ಇದನ್ನು ಸಾಧಿಸಿದ್ದು ಸುತ್ತ ಕಬ್ಬಿಣದ ಗೋಡೆ ಕಟ್ಟಿ ಅಲ್ಲ. ಹೇರ್‌ಸ್ಪ್ರಿಂಗನ್ನೇ ಸಿಲಿಕಾನಿನಲ್ಲಿ ಮಾಡಿದ್ದಾರೆ, ಮುಖ್ಯ ಭಾಗಗಳನ್ನೆಲ್ಲ ಆಯಸ್ಕಾಂತಕ್ಕೆ ಅಂಟದ ಲೋಹದಲ್ಲಿ ಮಾಡಿದ್ದಾರೆ. ಅದಕ್ಕೇ ಹಿಂದೆ ಗಾಜು ಇಡಲು ಧೈರ್ಯ. ತಿರುಗಿಸಿದರೆ ಮಷಿನ್ ಪೂರ್ತಿ ಕಾಣುತ್ತದೆ. ಸುಳಿಗಾಳಿಯಂತೆ ತಿರುಗಿದ ಗೀರುಗಳು, ಕೆಂಪು ಕಲ್ಲುಗಳು, ಹಿಂದೆ ಮುಂದೆ ಆಡುವ ಬ್ಯಾಲೆನ್ಸ್ ಚಕ್ರ. ಲೆನ್ಸ್ ಹಾಕಿಕೊಂಡು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಹುಡುಗ ಟೀ ತರಿಸಿದ್ದು, ಅದು ಆರಿದ್ದು ಎರಡೂ ಗೊತ್ತಾಗಲಿಲ್ಲ.

ರೋಲೆಕ್ಸ್ ಇದರಲ್ಲಿ ಸುಮ್ನೆ ಕೂತಿಲ್ಲ. ಅದರ ನೀಲಿ ಹೇರ್‌ಸ್ಪ್ರಿಂಗ್ ನಿಯೋಬಿಯಂ, ಜಿರ್ಕೋನಿಯಂ ಸೇರಿದ ಮಿಶ್ರಲೋಹ. ಅದಕ್ಕೂ ಆಯಸ್ಕಾಂತ ಅಂಟುವುದಿಲ್ಲ. ದಿನದ ಬಳಕೆಗೆ ಧಾರಾಳ ಸಾಕು. ಆದರೆ 15,000 ಅನ್ನುವಂಥ ಸಂಖ್ಯೆಯನ್ನು ಬರೆದುಕೊಟ್ಟು, ಹೊರಗಿನವರ ಉಸ್ತುವಾರಿಯಲ್ಲಿ ಪರೀಕ್ಷೆ ಮಾಡಿಸಿ ನಿಂತಿರುವುದು ಒಮೆಗಾ. ಹಿಂದಿನ ಮುಚ್ಚಳ ರೋಲೆಕ್ಸಿನಲ್ಲಿ ಸ್ಟೀಲಿನದು, ಒಳಗೇನಿದೆ ಕಾಣುವುದಿಲ್ಲ. ಎರಡನ್ನೂ ನಾನು ಬಿಚ್ಚಲಿಲ್ಲ. ಎರಡಕ್ಕೂ ಐದು ವರ್ಷ ವಾರಂಟಿ ಇದೆ, ಬೇರೆಯವರ ವಸ್ತು ಬೇರೆ.

ಕೈಗೆ ಕಟ್ಟಿದಾಗ ಲೆಕ್ಕ ಮತ್ತೆ ತಿರುಗುತ್ತದೆ. ರೋಲೆಕ್ಸ್ ಅಡ್ಡಡ್ಡ 41 ಮಿಲಿಮೀಟರ್, ದಪ್ಪ 12.5ರ ಆಸುಪಾಸು. ಒಮೆಗಾ 42, ದಪ್ಪ 13.5. ಒಂದು ಮಿಲಿಮೀಟರ್ ಏನು ಮಹಾ ಅನಿಸಬಹುದು. ತುಂಬು ತೋಳಿನ ಶರ್ಟಿನ ಗುಂಡಿ ಹಾಕಿ ನೋಡಿ, ಆಗ ಗೊತ್ತಾಗುತ್ತದೆ. ರೋಲೆಕ್ಸ್ ಒಳಗೆ ಜಾರಿತು. ಒಮೆಗಾ ಪಟ್ಟಿಗೆ ತಗುಲಿ ನಿಂತಿತು.

ಚೈನಿನ ಕೊಂಡಿಯಲ್ಲಂತೂ ರೋಲೆಕ್ಸಿನವರ ಕೈಚಳಕ ಮೆಚ್ಚಬೇಕು. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಸರಿಯಾಗಿದ್ದ ಚೈನು ಮಧ್ಯಾಹ್ನಕ್ಕೆ ಬಿಗಿಯಾಗುತ್ತದೆ. ಬಿಸಿಲಿಗೆ ಮಣಿಕಟ್ಟು ಊದಿಕೊಳ್ಳುತ್ತದೆ. ಸಬ್‌ಮರೀನರಿನ ಕೊಂಡಿಯೊಳಗೆ ಗ್ಲೈಡ್‌ಲಾಕ್ ಅಂತ ಒಂದು ಜಾರುಪಟ್ಟಿ. ಎತ್ತಿ, ಜರುಗಿಸಿ, ಒತ್ತಿದರೆ ಸಾಕು. 2 ಮಿಲಿಮೀಟರಿನಂತೆ ಸುಮಾರು 20 ಮಿಲಿಮೀಟರಿನವರೆಗೆ ಸಡಿಲ ಮಾಡಬಹುದು. ಸ್ಕ್ರೂಡ್ರೈವರ್ ಬೇಡ, ನನ್ನಂಥವನ ಹತ್ತಿರ ಬರುವುದೂ ಬೇಡ. ಮಾಡಿದ್ದು ಡೈವಿಂಗ್ ಸೂಟಿನ ಮೇಲೆ ಕಟ್ಟಲು, ಆದರೆ ಏಪ್ರಿಲ್ ತಿಂಗಳ ತುಮಕೂರಿಗೂ ಹೇಳಿ ಮಾಡಿಸಿದ ಹಾಗಿದೆ. ಒಮೆಗಾದಲ್ಲೂ ಒಳಗಿನ ಗುಂಡಿ ಒತ್ತಿ ಜರುಗಿಸುವ ವ್ಯವಸ್ಥೆ ಇದೆ, ಕೆಲಸ ಮಾಡುತ್ತದೆ. ಆದರೆ ಇಷ್ಟು ನಯವಾಗಿಲ್ಲ.

ಸ್ಟೀಲಿನಲ್ಲೂ ಭೇದ ಇದೆ. ಒಮೆಗಾದ್ದು 316ಎಲ್, ಒಳ್ಳೆ ವಾಚುಗಳಿಗೆಲ್ಲ ಬಳಸುವ ಸ್ಟೀಲ್. ರೋಲೆಕ್ಸ್ 1985ರಲ್ಲಿ 904ಎಲ್ ಎನ್ನುವುದನ್ನು ಮೊದಲು ಕೇಸಿಗೆ ಬಳಸಿತು. ಉಪ್ಪು, ಆಮ್ಲಕ್ಕೆ ಅದು ಇನ್ನೂ ಗಟ್ಟಿ. ಸಮುದ್ರದಲ್ಲೇ ಬದುಕುವವರಿಗೆ ಇದು ಮುಖ್ಯವಾದೀತು. ನಮ್ಮ ಬೆವರಿಗೆ ಎರಡೂ ಸಾಕು.

ಒಮೆಗಾದಲ್ಲಿ 10 ಗಂಟೆಯ ಪಕ್ಕ ಇನ್ನೊಂದು ಪುಟ್ಟ ಕೀ ಇದೆ. "ಇದೇನು ಮಾವ?" ಅಂದ. ಅದು ಹೀಲಿಯಂ ವಾಲ್ವ್. ಸಮುದ್ರದ ತಳದಲ್ಲಿ ಪೈಪ್‌ಲೈನ್ ಕೆಲಸ ಮಾಡುವ ಕೆಲವರು ವಾರಗಟ್ಟಲೆ ಒತ್ತಡದ ಕೋಣೆಯಲ್ಲೇ ಇದ್ದು, ಹೀಲಿಯಂ ಬೆರೆತ ಗಾಳಿ ಉಸಿರಾಡುತ್ತಾರೆ. ಹುಟ್ಟುಹಬ್ಬದ ಹೀಲಿಯಂ ಬಲೂನು ಮರುದಿನ ಬೆಳಿಗ್ಗೆ ಸುಕ್ಕಾಗಿ ನೆಲಕ್ಕೆ ಬಿದ್ದಿರುತ್ತದಲ್ಲ? ಅಷ್ಟು ಸೂಕ್ಷ್ಮ ಗಾಳಿ ಅದು. ನೀರು ತೂರದ ವಾಷರಿನೊಳಗೂ ತೂರುತ್ತದೆ. ಹೊರಗಿನ ಒತ್ತಡ ಇಳಿಸಿದಾಗ ಒಳಗೆ ಸೇರಿದ ಹೀಲಿಯಂ ಗಾಜನ್ನೇ ಹಾರಿಸಿಬಿಡಬಹುದು. ಕುಕ್ಕರಿಗೆ ವಿಷಲ್ ಇದ್ದ ಹಾಗೆ ಈ ವಾಲ್ವು. ರೋಲೆಕ್ಸ್ ಇದನ್ನು 1967ರಲ್ಲಿ ಸೀ-ಡ್ವೆಲ್ಲರ್ ಎಂಬ ಬೇರೆ ಮಾದರಿಗೆ ಕೊಟ್ಟಿತು, ಸಬ್‌ಮರೀನರಿಗೆ ಕೊಡಲಿಲ್ಲ. ನನ್ನ ಪ್ರಕಾರ ಅದೇ ಸರಿ. ನಮಗೆ ನಿಮಗೆ ಬೇಡದ ವಾಲ್ವು, ವಾಷರ್ ಬದಲಾಯಿಸಬೇಕಾದ ಇನ್ನೊಂದು ಜಾಗ.

ಇಷ್ಟೆಲ್ಲ ಆದ ಮೇಲೆ ಹುಡುಗ ಮತ್ತೆ ಅದೇ ಪ್ರಶ್ನೆಗೆ ಬಂದ. "ಹಾಗಾದ್ರೆ ಜಾಸ್ತಿ ದುಡ್ಡು ಯಾತಕ್ಕೆ?"

ಒಂದು ಪಾಲು ಕೊಂಡಿಗೆ, ಬಳೆಗೆ, ತೆಳು ಕೇಸಿಗೆ. ಆದರೆ ದೊಡ್ಡ ಪಾಲು ಹೆಸರಿಗೆ. 1927ರಲ್ಲಿ ಮರ್ಸಿಡೀಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ರೋಲೆಕ್ಸ್ ಆಯ್ಸ್ಟರ್ ಹಾಕಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದರು. ನೀರಿಗೆ ಹೆದರದ ವಾಚು ಅಂತ ಕಂಪನಿ ಅದನ್ನು ಜಗತ್ತಿಗೆಲ್ಲ ಸಾರಿತು. 1953ರಲ್ಲಿ ಸಬ್‌ಮರೀನರ್ ಬಂತು. ಅಂದಿನಿಂದ ಅದರ ರೂಪ ಬಹಳ ನಿಧಾನವಾಗಿ ಬದಲಾಗಿದೆ. ಈಗಿನ 41 ಮಿಲಿಮೀಟರಿನದು 2020ರದ್ದು. ಪಕ್ಕದಲ್ಲಿ ಹಳೆಯದನ್ನಿಟ್ಟರೆ ಅಣ್ಣ ತಮ್ಮ ಅಂತ ಯಾರಾದರೂ ಹೇಳಬಹುದು. ಒಮೆಗಾವೂ ಇದರಲ್ಲಿ ಹಳಬ. 1932ರಲ್ಲೇ ಮರೀನ್ ಎಂಬ ಡೈವಿಂಗ್ ವಾಚು ಮಾಡಿತ್ತು. ಆದರೆ ಈ ಡೈವರ್ 300 ಎಂ ಹುಟ್ಟಿದ್ದು 1993ರಲ್ಲಿ. 2018ರಲ್ಲಿ ಹೊಸ ಮಷಿನ್ ಹಾಕಿ, ಸೆರಾಮಿಕ್ ಡಯಲ್ ಮೇಲೆ ಲೇಸರಿನಿಂದ ಅಲೆ ಕೆತ್ತಿ ಈಗಿನ ರೂಪ ಕೊಟ್ಟರು. ಆ ಅಲೆಗಳು ಫೋಟೋದಲ್ಲಿ ಗಲಾಟೆ ಅನಿಸುತ್ತವೆ. ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದರೆ ಅಮಾನಿಕೆರೆ ಮೇಲೆ ಸಂಜೆ ಗಾಳಿ ಬೀಸಿದ ಹಾಗಿರುತ್ತದೆ.

ರೋಲೆಕ್ಸ್ ಬೇಕು ಅಂದ ತಕ್ಷಣ ಸಿಗುವುದೂ ಇಲ್ಲ. ಅಧಿಕೃತ ಷೋರೂಮಿನಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ. ಕೇಳುವವರು ಜಾಸ್ತಿ, ವಾಚು ಕಡಿಮೆ. ಅದಕ್ಕೇ ಮಾರಲು ಹೋದರೂ ಒಳ್ಳೆ ಬೆಲೆ ನಿಲ್ಲುತ್ತದೆ. ಒಮೆಗಾ ಹೊಸದು ಕೊಂಡು ಹೊರಗೆ ಬಂದರೆ ಬೈಕಿನ ಹಾಗೆ ಬೆಲೆ ಇಳಿಯುತ್ತದೆ. ಯಾವತ್ತಾದರೂ ಮಾರುವ ಯೋಚನೆ ಇರುವವರಿಗೆ ರೋಲೆಕ್ಸೇ ಸರಿ. ನಕಲಿ ಹಾವಳಿಯೂ ಅದಕ್ಕೇ ಹೆಚ್ಚು. ಕಾರ್ಡು, ಬಿಲ್ಲು ಇಲ್ಲದೆ ಕೈಗೆ ಬಂದ ರೋಲೆಕ್ಸಿಗೆ ಒಂದು ರೂಪಾಯಿ ಕೊಡಬೇಡಿ.

ನಾನು ಅವನನ್ನು ಒಂದೇ ಕೇಳಿದೆ. "ದಿನಾ ಎಲ್ಲಿ ಕಟ್ಟಿಕೋತೀಯ?"

"ಪ್ಲಾಂಟಲ್ಲಿ ಮಾವ. ಜನರೇಟರ್ ಹತ್ರಾನೇ ದಿನಾ ಕೆಲಸ."

"ಮುಂದೆ ಮಾರ್ತೀಯಾ?"

"ಇಲ್ಲ. ಮಗಳಿಗೆ ಕೊಡ್ತೀನಿ."

ದೊಡ್ಡ ಮೋಟಾರು, ಜನರೇಟರುಗಳ ನಡುವೆ ದಿನ ಕಳೆಯುವವನಿಗೆ, ಮಾರುವ ಇರಾದೆ ಇಲ್ಲದವನಿಗೆ, ಒಮೆಗಾ ತಗೋ ಅಂದೆ. ಕೊಂಡಿ ಬಳೆ ಎರಡರಲ್ಲೂ ರೋಲೆಕ್ಸ್ ಮೇಲು ಅಂತ ಹೇಳಿದ ಮೇಲೂ ಇದೇ ನನ್ನ ಮಾತು. ಅವನು ದಿನಾ ಎದುರಿಸುವ ಅಪಾಯಕ್ಕೆ ಬರೆದು ಕೊಟ್ಟ ಉತ್ತರ ಇರುವುದು ಅದರಲ್ಲಿ. ದಿನವಿಡೀ ಎಸಿ ಆಫೀಸಿನಲ್ಲಿ ಫುಲ್ ಶರ್ಟ್ ತೊಟ್ಟು ಕೂರುವವನಾಗಿದ್ದರೆ, ಕಾಯುವ ತಾಳ್ಮೆಯೂ ಇದ್ದಿದ್ದರೆ, ಸಬ್‌ಮರೀನರ್ ಅನ್ನುತ್ತಿದ್ದೆ.

ಜೊತೆಗೆ ಯಾವುದು ಕೊಂಡರೂ ಪಾಲಿಸು ಅಂತ ಕೆಲವು ಮಾತು ಹೇಳಿದೆ. ಕೀ ಎಳೆದು ಸಮಯ ತಿದ್ದಿದ ಮೇಲೆ ಪೂರ್ತಿ ತಿರುಗಿಸಿ ಕೂರಿಸು. ನೀರಿನಲ್ಲಿದ್ದಾಗ ಕೀ ಮುಟ್ಟಬೇಡ. ದೀಪಾವಳಿ ಎಣ್ಣೆ ಸ್ನಾನಕ್ಕೆ ಬಿಚ್ಚಿಡು. ಕುದಿಯುವಂಥ ನೀರು, ಸೋಪು, ಸೀಗೆಪುಡಿ ಸೇರಿದರೆ ವಾಷರಿಗೆ ಒಳ್ಳೆಯದಲ್ಲ. ಬೋರ್‌ವೆಲ್ ನೀರು ತಾಗಿದರೆ ಒಳ್ಳೆ ನೀರಲ್ಲಿ ತೊಳೆದು ಒರೆಸು, ಇಲ್ಲದಿದ್ದರೆ ಬಳೆಯ ಸಂದಿಯಲ್ಲಿ ಬಿಳಿ ಕರೆ ಕಟ್ಟಿ ಕ್ಲಿಕ್ ಬಿಗಿಯಾಗುತ್ತದೆ. ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸು. ವಾರಂಟಿ ಇರುವಾಗ ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಯಾರ ಕೈಗೂ ಬಿಚ್ಚಲು ಕೊಡಬೇಡ, ನನಗೂ.

ನಾಲ್ಕು ತಿಂಗಳ ನಂತರ ವಾಚು ಕಟ್ಟಿಕೊಂಡು ಬಂದ. ಒಮೆಗಾ, ಕಪ್ಪು ಡಯಲ್. ಚೈನು ಸಡಿಲ ಇತ್ತು. ಅದರ ಎರಡು ತುಂಡು ಬಿಚ್ಚಿ ಸರಿಮಾಡಿದೆ. ಬಿಚ್ಚಿದ ತುಂಡುಗಳನ್ನು ಚಿಕ್ಕ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ತಾರೀಖು ಬರೆದು, ಬಿಲ್ಲಿನ ಜೊತೆ ಡಬ್ಬಿಯಲ್ಲಿಡು ಅಂತ ಅವನ ಕೈಗೆ ಕೊಟ್ಟೆ.